ರಿಪೇರಿ ಮುಗಿದರೂ ಆರದ ಕಿತ್ತಳೆ ದೀಪ

ಸರ್ವರ್‌ನ ಮುಂಭಾಗದಲ್ಲಿ ಒಂದು ಪುಟ್ಟ ದೀಪ ಇರುತ್ತದೆ. ಎಲ್ಲ ಸರಿಯಿದ್ದರೆ ನೀಲಿ ಅಥವಾ ಹಸಿರು, ಒಳಗೆ ಏನಾದರೂ ಕೆಟ್ಟರೆ ಕಿತ್ತಳೆ. ವೆಂಡರ್ ಕಡೆಯ ಇಂಜಿನಿಯರ್ ಬಂದು, ಕೆಟ್ಟ ಭಾಗ ಬದಲಿಸಿ, ಕಾಲ್ ರಿಪೋರ್ಟಿಗೆ ಸಹಿ ಹಾಕಿಸಿಕೊಂಡು ಹೋಗುತ್ತಾರೆ. ಆಮೇಲೂ ದೀಪ ಕಿತ್ತಳೆಯಾಗಿಯೇ ಇರುತ್ತದೆ. ಸರ್ವರ್ ನಡೆಯುತ್ತಿದೆ, ಯಾರಿಂದಲೂ ದೂರಿಲ್ಲ. ಕೇಳಿದರೆ ಸಿಗುವ ಉತ್ತರ ಒಂದೇ: ‘ಅದು ಹಳೇ ಅಲರ್ಟ್ ಸಾರ್, ತಾನಾಗೇ ಹೋಗುತ್ತೆ.’

ಕೆಲವು ಸಲ ಅದು ನಿಜವಾಗಿಯೂ ಹಳೆಯದೇ. ಕೆಲವು ಸಲ ಅಲ್ಲ. ಈ ಎರಡರ ನಡುವಿನ ವ್ಯತ್ಯಾಸವನ್ನು ಊಹೆಯಿಂದಲ್ಲದೆ ಪರೀಕ್ಷೆಯಿಂದ ತಿಳಿಯುವುದು ಹೇಗೆ ಎಂಬುದೇ ಇಲ್ಲಿನ ವಿಷಯ. ಬೆಂಗಳೂರಿನ ಡೇಟಾ ಸೆಂಟರ್‌ಗಳಲ್ಲೂ ಜಿಲ್ಲಾ ಕೇಂದ್ರಗಳ ಸಹಕಾರಿ ಬ್ಯಾಂಕು, ಆಸ್ಪತ್ರೆ, ಕಾಲೇಜುಗಳ ಸರ್ವರ್ ರೂಮುಗಳಲ್ಲೂ ಕೆಲಸ ಮಾಡುತ್ತ ಕಲಿತ ಪಾಠಗಳಿವು. ಒಂದೋ ಎರಡೋ ಸರ್ವರ್ ಇದ್ದು, ಅವುಗಳ ಜತೆಗೆ ಪ್ರಿಂಟರಿನಿಂದ ಸಿಸಿಟಿವಿವರೆಗೆ ಎಲ್ಲವನ್ನೂ ಒಬ್ಬರೇ ನೋಡಿಕೊಳ್ಳುವ ಜಾಗಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ.

1. ಕಿತ್ತಳೆ ಬಣ್ಣಕ್ಕೆ ಕಣ್ಣು ಒಗ್ಗಲು ಬಿಡಬೇಡಿ

ಫ್ಯಾನಿಗೂ ಅದೇ ದೀಪ, ಮೆಮೊರಿಗೂ ಅದೇ ದೀಪ, ಹಾರ್ಡ್ ಡಿಸ್ಕಿಗೂ ಅದೇ. ಒಂದು ಕಾರಣಕ್ಕೆ ಅದು ಕಿತ್ತಳೆಯಾಗಿದ್ದಾಗ ಎರಡನೆಯ ಕಾರಣ ಬಂದರೆ ಬಣ್ಣ ಬದಲಾಗುವುದಿಲ್ಲ. ಹಲವು ಡಿಸ್ಕುಗಳನ್ನು ಒಟ್ಟುಗೂಡಿಸುವ ರೇಡ್ 5ರಲ್ಲಿ ಒಂದು ಡಿಸ್ಕ್ ಹೋದರೆ ಡೇಟಾ ಉಳಿಯುತ್ತದೆ, ಎರಡು ಹೋದರೆ ಉಳಿಯುವುದಿಲ್ಲ. ‘ಆ ದೀಪ ಯಾವಾಗಲೂ ಹಾಗೇ ಇರುತ್ತೆ’ ಎಂದು ರಾತ್ರಿ ಪಾಳಿಯವರು ನಂಬಿರುವ ಕಡೆ, ಮೊದಲ ಡಿಸ್ಕ್ ಹೋದದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಅಲ್ಲಿ ಜನಕ್ಕೆ ಗೊತ್ತಾಗುವುದು ಎರಡನೆಯದು ಹೋದ ದಿನವೇ. ಆದ್ದರಿಂದ ಮೂಲ ದೋಷ ಎಷ್ಟೇ ಚಿಕ್ಕದಿದ್ದರೂ, ರಿಪೇರಿಯ ನಂತರ ಉಳಿದ ಎಚ್ಚರಿಕೆಯನ್ನು ನಾನು ಚಿಕ್ಕದೆಂದು ಬಿಡುವುದಿಲ್ಲ.

2. ಲಾಗ್ ಅಳಿಸುವ ಮೊದಲು ಅದನ್ನು ಉಳಿಸಿ

ದೀಪ ಆರಿಸುವ ಸುಲಭದ ದಾರಿ, ಯಂತ್ರ ತನ್ನ ದೋಷಗಳನ್ನು ಬರೆದಿಡುವ ಲಾಗ್ ಅಳಿಸುವುದು. ಎಷ್ಟೋ ಯಂತ್ರಗಳಲ್ಲಿ ಅದು ಕೆಲಸವನ್ನೂ ಮಾಡುತ್ತದೆ. ಆದರೆ ಯಾವ ಭಾಗ, ಎಷ್ಟು ಗಂಟೆಗೆ, ಎಷ್ಟು ಸಲ ದೂರಿತ್ತು ಎಂಬ ಸಾಕ್ಷ್ಯ ಇರುವುದು ಅಲ್ಲಿ ಮಾತ್ರ. ಅದನ್ನು ಅಳಿಸಿದ ಮೇಲೆ ಅದೇ ದೋಷ ಮರಳಿ ಬಂದರೆ, ವೆಂಡರ್ ಅದನ್ನು ಹೊಸ ಕಾಲ್ ಎಂದೇ ಲೆಕ್ಕ ಹಾಕುತ್ತಾರೆ. ಹಳೆಯ ರಿಪೇರಿ ಫಲಿಸಲಿಲ್ಲ ಎಂದು ತೋರಿಸಲು ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ.

ಲಾಗನ್ನು ಫೈಲಿಗೆ ಇಳಿಸಿ, ದಿನಾಂಕ ಹಾಕಿ, ಸರ್ವರ್‌ನಿಂದ ಹೊರಗೆ ಇಡಿ. ಬ್ರೌಸರಿನಲ್ಲಿ ಕಾಣುವ ಪುಟದ ಫೋಟೋ ಮೊಬೈಲಿನಲ್ಲಿ ತೆಗೆದರೆ ಸಾಲದು. ಪುಟದಲ್ಲಿ ಕಾಣದ ಸಾಲುಗಳೂ ಬೇಕಾಗುತ್ತವೆ.

ಇನ್ನೊಂದು ಮಾತು. ಸೆನ್ಸರುಗಳನ್ನು ಓದುವ ಐಪಿಎಂಐ ಎಂಬ ಪದ್ಧತಿಯ (ವಿವರ ಮುಂದಿನ ಭಾಗದಲ್ಲಿ) ಲಾಗಿನಲ್ಲಿ ಒಂದೊಂದು ದಾಖಲೆ 16 ಬೈಟ್ ಅಷ್ಟೇ. ಇಡೀ ಲಾಗಿಗೆ ಮೀಸಲಿಟ್ಟ ಜಾಗವೂ ಸಣ್ಣದು. ಅದು ತುಂಬಿಹೋದರೆ ಅನೇಕ ಯಂತ್ರಗಳು ಹೊಸ ಘಟನೆಯನ್ನು ಬರೆದುಕೊಳ್ಳುವುದೇ ಇಲ್ಲ. ಲಾಗ್ ತುಂಬಿದೆ ಎಂಬುದೇ ಒಂದು ಎಚ್ಚರಿಕೆಯಾಗಿ ನಿಲ್ಲುವುದೂ ಉಂಟು. ಅಲ್ಲಿ ಯಾವ ಭಾಗವೂ ಕೆಟ್ಟಿರುವುದಿಲ್ಲ. ಉಳಿಸಿಕೊಂಡು ಅಳಿಸಿದರೆ ಸಾಕು.

3. ದೂರುತ್ತಿರುವವರು ಯಾರು ಎಂದು ಮೊದಲು ಗೊತ್ತು ಮಾಡಿಕೊಳ್ಳಿ

ಹೆಚ್ಚು ಸಮಯ ಹಾಳಾಗುವುದು ಇಲ್ಲೇ, ಹಾಗಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಸರ್ವರ್‌ನ ಮದರ್‌ಬೋರ್ಡಿನಲ್ಲಿ ಮುಖ್ಯ ಪ್ರೊಸೆಸರಿನಿಂದ ಬೇರೆಯಾದ ಇನ್ನೊಂದು ಸಣ್ಣ ಕಂಪ್ಯೂಟರ್ ಇದೆ. ಅದಕ್ಕೆ ಬಿಎಂಸಿ ಎನ್ನುತ್ತಾರೆ. ಡೆಲ್‌ನಲ್ಲಿ ಅದು ಐಡ್ರ್ಯಾಕ್, ಎಚ್‌ಪಿಇಯಲ್ಲಿ ಐಲೊ, ಲೆನೊವೊದಲ್ಲಿ ಎಕ್ಸ್‌ಕ್ಲಾರಿಟಿ ಕಂಟ್ರೋಲರ್. ಸರ್ವರ್ ಆಫ್ ಇದ್ದರೂ ಪವರ್ ಕೇಬಲ್ ಸಿಕ್ಕಿಸಿರುವವರೆಗೆ ಅದು ಎಚ್ಚರವಾಗಿರುತ್ತದೆ. ಉಷ್ಣತೆ, ವೋಲ್ಟೇಜು, ಫ್ಯಾನಿನ ವೇಗವನ್ನೆಲ್ಲ ಓದುವುದು ಅದೇ. ಈ ಓದುವಿಕೆಗೆ ಇಂಟೆಲ್, ಡೆಲ್, ಎಚ್‌ಪಿ, ಎನ್‌ಇಸಿ ಕಂಪನಿಗಳು ಸೇರಿ 1998ರಲ್ಲಿ ಐಪಿಎಂಐ ಎಂಬ ಸಾಮಾನ್ಯ ಪದ್ಧತಿ ತಂದವು. ಅದರ 2.0 ಆವೃತ್ತಿ ಬಂದದ್ದು 2004ರಲ್ಲಿ. 2015ರಿಂದ ರೆಡ್‌ಫಿಶ್ ಎಂಬ ಹೊಸ ಪದ್ಧತಿಯೂ ಬಳಕೆಗೆ ಬಂದಿದೆ.

ಬಿಎಂಸಿ ಹೇಳಿದ್ದನ್ನು ಕೇಳಿ ತಮ್ಮದೇ ಪಟ್ಟಿ ಇಟ್ಟುಕೊಳ್ಳುವವರು ಮೇಲೆ ಇನ್ನೂ ಇದ್ದಾರೆ: ಆಪರೇಟಿಂಗ್ ಸಿಸ್ಟಂ, ವಿಎಂವೇರ್ ಇದ್ದರೆ ಇಎಸ್‌ಎಕ್ಸ್‌ಐ, ಅದರ ಮೇಲೆ ವಿಸೆಂಟರ್, ಎಲ್ಲಕ್ಕೂ ಮೇಲೆ ನಿಮ್ಮ ಮಾನಿಟರಿಂಗ್ ಸಾಫ್ಟ್‌ವೇರ್. ಪ್ರತಿಯೊಂದಕ್ಕೂ ತನ್ನದೇ ನೆನಪು. ಕೆಳಗಿನವನು ‘ಸರಿಯಾಯಿತು’ ಎಂದದ್ದು ಮೇಲಿನವನ ಕಿವಿಗೆ ಬೀಳದೆ ಹೋಗಬಹುದು. ಈ ಸುದ್ದಿ ಹೊತ್ತೊಯ್ಯುವ ಎಸ್‌ಎನ್‌ಎಂಪಿ ಟ್ರ್ಯಾಪ್ ಸಾಮಾನ್ಯವಾಗಿ ಹೋಗುವುದು ಯುಡಿಪಿ ಮೇಲೆ, ಪೋರ್ಟ್ 162ಕ್ಕೆ. ತಲುಪಿತೇ ಎಂದು ಕೇಳುವ ವ್ಯವಸ್ಥೆ ಅಲ್ಲಿಲ್ಲ. ‘ಕೆಟ್ಟಿದೆ’ ಎಂಬ ಸಂದೇಶ ತಲುಪಿ, ‘ಸರಿಯಾಗಿದೆ’ ಎಂಬುದು ದಾರಿಯಲ್ಲೇ ಕಳೆದುಹೋದರೆ, ಮಾನಿಟರಿಂಗ್ ಪರದೆ ತಿಂಗಳಾದರೂ ಕೆಂಪಾಗಿಯೇ ಇರುತ್ತದೆ.

ಹಾಗಾಗಿ ನಾನು ಕೆಳಗಿನಿಂದ ಮೇಲಕ್ಕೆ ಹೋಗುತ್ತೇನೆ. ಮೊದಲು ಯಂತ್ರದ ಎದುರು ನಿಂತು ದೀಪ ನೋಡುವುದು. ಆಮೇಲೆ ಬಿಎಂಸಿಯ ಪುಟಕ್ಕೆ ನೇರವಾಗಿ ಲಾಗಿನ್ ಆಗಿ ಸೆನ್ಸರುಗಳ ಈಗಿನ ಓದು ನೋಡುವುದು. ಅಲ್ಲಿ ಎಲ್ಲ ಹಸಿರಾಗಿದ್ದು ವಿಸೆಂಟರಿನಲ್ಲಿ ಮಾತ್ರ ಹಳದಿ ಕಂಡರೆ ಹಾರ್ಡ್‌ವೇರ್ ಬಿಚ್ಚುವ ಕೆಲಸವೇ ಇಲ್ಲ. ವಿಸೆಂಟರಿನಲ್ಲೇ ಸೆನ್ಸರುಗಳನ್ನು ರಿಸೆಟ್ ಮಾಡಿ ಮತ್ತೆ ಓದಿಸಬೇಕು, ಉಳಿದ ಅಲಾರಂ ಅನ್ನು ಕೈಯಾರೆ ಹಸಿರಿಗೆ ತರಬೇಕು. ಎಚ್‌ಪಿಇ ಯಂತ್ರಗಳ ಲಾಗಿನಲ್ಲಿ ಒಂದು ದಾಖಲೆಯನ್ನು ‘ರಿಪೇರಿಯಾಗಿದೆ’ ಎಂದು ಗುರುತು ಮಾಡುವ ಸೌಲಭ್ಯವೇ ಇದೆ. ದಾಖಲೆ ಅಳಿಯುವುದಿಲ್ಲ, ಸ್ಥಿತಿ ಮಾತ್ರ ಬದಲಾಗುತ್ತದೆ. ಎಲ್ಲ ತಯಾರಕರೂ ಹೀಗೆ ಮಾಡಿದ್ದರೆ ನಮ್ಮ ಅರ್ಧ ತೊಂದರೆ ತಪ್ಪುತ್ತಿತ್ತು.

4. ಲಾಗಿನ ಗಡಿಯಾರ ಯಾವ ದೇಶದ್ದು ನೋಡಿ

ಮಧ್ಯಾಹ್ನ 3 ಗಂಟೆಗೆ ಮೆಮೊರಿ ಬದಲಾಯಿತು ಅಂದುಕೊಳ್ಳಿ. ಲಾಗ್ ತೆರೆದರೆ ಕೊನೆಯ ದೋಷದ ಸಮಯ ಬೆಳಿಗ್ಗೆ 9:40. ರಿಪೇರಿಗೆ ಮೊದಲಿನದು ಎಂದು ಎಲ್ಲರೂ ನಿಟ್ಟುಸಿರು ಬಿಡುತ್ತಾರೆ. ಆದರೆ ಬಿಎಂಸಿಯ ಗಡಿಯಾರ ಯುಟಿಸಿಯಲ್ಲಿ ಓಡುತ್ತಿದ್ದರೆ ಅದಕ್ಕೆ ಐದೂವರೆ ಗಂಟೆ ಕೂಡಿಸಬೇಕು. 9:40 ಅಂದರೆ ನಮ್ಮ 3:10. ಹೊಸ ಮೆಮೊರಿ ಹಾಕಿ ಹತ್ತು ನಿಮಿಷಕ್ಕೆ ಬಂದ ದೋಷ ಅದು. ಇಡೀ ತೀರ್ಮಾನವೇ ತಿರುಗಿಹೋಯಿತು.

ಬೋರ್ಡ್ ಬದಲಾದ ಮೇಲೆ ಅಥವಾ ಸಿಮೋಸ್ ಬ್ಯಾಟರಿ ಸತ್ತ ಮೇಲೆ ಇನ್ನೂ ವಿಚಿತ್ರ ಸಮಯಗಳು ಕಾಣುತ್ತವೆ. ಕೆಲವು ದಾಖಲೆಗಳಲ್ಲಿ 1970ರ ಜನವರಿ ಇರುತ್ತದೆ. ಐಪಿಎಂಐಟೂಲ್‌ನಲ್ಲಿ ತಾರೀಖಿನ ಜಾಗದಲ್ಲಿ ‘ಪ್ರಿ-ಇನಿಟ್’ ಎಂದಿದ್ದರೆ, ಆ ಘಟನೆ ನಡೆದಾಗ ಗಡಿಯಾರ ಇನ್ನೂ ಹೊಂದಿಕೆಯಾಗಿರಲಿಲ್ಲ ಎಂದರ್ಥ. ಅದನ್ನು ಹಳೆಯದೆಂದು ತಳ್ಳಿಹಾಕುವಂತಿಲ್ಲ. ದಾಖಲೆಯ ಕ್ರಮಸಂಖ್ಯೆಯನ್ನು ನೋಡಿ ಮೊದಲಿನದೋ ಆಮೇಲಿನದೋ ನಿರ್ಧರಿಸಬೇಕು. ಬಿಎಂಸಿಗೆ ಎನ್‌ಟಿಪಿ ಸರ್ವರ್‌ನ ವಿಳಾಸ ಕೊಟ್ಟು ಗಡಿಯಾರ ಸರಿಮಾಡುವುದು ಎರಡು ನಿಮಿಷದ ಕೆಲಸ. ಹೆಚ್ಚಿನ ಕಡೆ ಅದನ್ನು ಯಾರೂ ಮಾಡಿರುವುದಿಲ್ಲ.

ಸಮಯದ ಜತೆಗೆ ಇನ್ನೊಂದು ಕಾಲಂ ಓದಿ. ದೋಷ ಎದ್ದಾಗ ‘ಅಸರ್ಟ್’, ಇಳಿದಾಗ ‘ಡಿ-ಅಸರ್ಟ್’ ಎಂದು ಬರೆಯುತ್ತದೆ. ಎದ್ದದ್ದಕ್ಕೆ ಇಳಿದ ಜೋಡಿ ಇದೆಯೇ ಎಂದು ಬೆರಳಿಟ್ಟು ನೋಡಿ. ಜೋಡಿ ಸಿಗದ ದಾಖಲೆಯೇ ಸಾಮಾನ್ಯವಾಗಿ ದೀಪವನ್ನು ಹಿಡಿದಿಟ್ಟಿರುತ್ತದೆ.

5. ರಿಪೇರಿಯ ಕೈ ತಾಗಿದ ಜಾಗಗಳನ್ನು ಮೊದಲು ನೋಡಿ

ಹಳೆಯ ದೋಷ ಹೋಗಿ, ರಿಪೇರಿಯಿಂದಲೇ ಹೊಸದೊಂದು ಬಂದಿರುವುದು ನಾವು ಅಂದುಕೊಳ್ಳುವುದಕ್ಕಿಂತ ಹೆಚ್ಚು. ದೀಪ ಒಂದೇ ಆದ್ದರಿಂದ ಹಳೆಯದೇ ಮುಂದುವರಿದಂತೆ ಕಾಣುತ್ತದೆ.

ಮೇಲಿನ ಮುಚ್ಚಳ ಪೂರ್ತಿ ಕೂತಿದೆಯೇ? ಅನೇಕ ಸರ್ವರ್‌ಗಳಲ್ಲಿ ಮುಚ್ಚಳದ ಕೆಳಗೆ ಒಂದು ಸಣ್ಣ ಸ್ವಿಚ್ ಇದೆ. ಮುಚ್ಚಳ ಒಂದೆರಡು ಮಿಲಿಮೀಟರ್ ಎದ್ದಿದ್ದರೂ ‘ಚಾಸಿ ತೆರೆದಿದೆ’ ಎಂಬ ಎಚ್ಚರಿಕೆ ನಿಲ್ಲುತ್ತದೆ. ಪ್ರೊಸೆಸರ್ ಮತ್ತು ಮೆಮೊರಿ ಮೇಲೆ ಕೂರುವ ಕಪ್ಪು ಪ್ಲಾಸ್ಟಿಕ್ಕಿನ ಗಾಳಿ ಮರೆ ವಾಪಸ್ ಹಾಕಿದ್ದಾರೆಯೇ? ಅದನ್ನು ಮೇಜಿನ ಮೇಲೇ ಬಿಟ್ಟು ಯಂತ್ರ ಮುಚ್ಚಿರುವುದನ್ನು ಕಂಡಿದ್ದೇನೆ. ಆಗ ಗಾಳಿ ಹೋಗಬೇಕಾದಲ್ಲಿಗೆ ಹೋಗದೆ ಫ್ಯಾನುಗಳು ಜೋರಾಗಿ ತಿರುಗುತ್ತವೆ, ಉಷ್ಣತೆಯ ಎಚ್ಚರಿಕೆ ಬರುತ್ತದೆ. ಮೆಮೊರಿ ಸ್ಲಾಟಿನ ಎರಡೂ ತುದಿಯ ಕ್ಲಿಪ್ಪುಗಳು ನೆಟ್ಟಗೆ ನಿಂತಿವೆಯೇ? ಒಂದು ತುದಿ ಟಕ್ ಎಂದು ಕೂತು, ಇನ್ನೊಂದು ಅರ್ಧಕ್ಕೇ ನಿಂತಿದ್ದರೆ ಕಣ್ಣಿಗೆ ಸುಲಭವಾಗಿ ಕಾಣದು. ಹೆಬ್ಬೆರಳಿನಿಂದ ಒತ್ತಿದರೆ ತಿಳಿಯುತ್ತದೆ. ರೈಸರ್ ಕಾರ್ಡ್, ಫ್ಯಾನಿನ ಕನೆಕ್ಟರ್, ಹಿಂಭಾಗದ ಎರಡನೆಯ ಪವರ್ ಕೇಬಲ್ ಕೂಡ ಇದೇ ಪಟ್ಟಿಗೆ ಸೇರಿದವು.

6. ಭಾಗವನ್ನು ಮತ್ತೆ ತರಿಸುವ ಮೊದಲು ಜಾಗ ಅದಲುಬದಲು ಮಾಡಿ

ಒಂದು ಆಸ್ಪತ್ರೆಯ ಸರ್ವರ್‌ನಲ್ಲಿ ಎ3 ಸ್ಲಾಟಿನ ಮೆಮೊರಿಗೆ ಎಚ್ಚರಿಕೆ ಬಂದಿತ್ತು. ಮೆಮೊರಿ ಬದಲಾಯಿಸಿದರು. ಕೆಲವು ದಿನ ಸುಮ್ಮನಿದ್ದು ಮತ್ತೆ ಅದೇ ಎ3. ಹೊಸದೂ ಕೆಟ್ಟದ್ದಿರಬೇಕು ಎಂದು ಇನ್ನೊಂದನ್ನು ತರಿಸಿದರು. ಮತ್ತೆ ಎ3. ಮೂರನೆಯದನ್ನು ಆರ್ಡರ್ ಮಾಡುವ ಹೊತ್ತಿಗೆ ನಾವು ಹೋಗಿದ್ದೆವು. ಎ3ರಲ್ಲಿದ್ದ ಮಾಡ್ಯೂಲನ್ನು ಬಿ3ಕ್ಕೂ ಬಿ3ರಲ್ಲಿದ್ದದ್ದನ್ನು ಎ3ಕ್ಕೂ ಹಾಕಿ, ಯಂತ್ರವನ್ನು ಕೆಲಸದ ಭಾರದ ಮೇಲೆ ಬಿಟ್ಟೆವು. ದೋಷ ಮಾಡ್ಯೂಲಿನ ಹಿಂದೆ ಬಿ3ಕ್ಕೆ ಹೋಗಲಿಲ್ಲ, ಎ3ರಲ್ಲೇ ಉಳಿಯಿತು. ಅಂದರೆ ಮೆಮೊರಿ ಕೆಟ್ಟಿಲ್ಲ, ಜಾಗ ಕೆಟ್ಟಿದೆ.

ಜಾಗ ಎಂದರೆ ಸ್ಲಾಟ್ ಇರಬಹುದು, ಪ್ರೊಸೆಸರ್ ಇರಬಹುದು, ಪ್ರೊಸೆಸರ್ ಕೂರುವ ಸಾಕೆಟ್ ಇರಬಹುದು. ಮೆಮೊರಿ ಕಂಟ್ರೋಲರ್ ಈಗ ಪ್ರೊಸೆಸರಿನ ಒಳಗೇ ಇದೆ. 2017ರಲ್ಲಿ ಬಂದ ಝಿಯಾನ್ ಸ್ಕೇಲಬಲ್ ಪೀಳಿಗೆಯ ಸಾಕೆಟಿನಲ್ಲಿ 3,647 ಸಂಪರ್ಕ ಬಿಂದುಗಳಿವೆ. ಅವುಗಳಲ್ಲಿ ಒಂದು ಕೂದಲೆಳೆಯಷ್ಟು ಬಾಗಿದ್ದರೂ ಮೆಮೊರಿಯ ಒಂದು ಚಾನೆಲ್ ಮಾತ್ರ ತಕರಾರು ಮಾಡಿ, ಉಳಿದದ್ದೆಲ್ಲ ಚೆನ್ನಾಗಿ ನಡೆಯಬಹುದು. ಆ ಯಂತ್ರದಲ್ಲಿ ಹೀಟ್‌ಸಿಂಕ್ ಎತ್ತಿ, ಟಾರ್ಚ್ ಬೆಳಕನ್ನು ಓರೆಯಾಗಿ ಬಿಟ್ಟು ನೋಡಿದಾಗ ಸಾಲುಸಾಲು ಪಿನ್ನುಗಳ ನಡುವೆ ಒಂದರ ಹೊಳಪು ಮಾತ್ರ ಬೇರೆ ಕೋನದಲ್ಲಿ ಕಂಡಿತು. ನೇರ ಬೆಳಕಿನಲ್ಲಿ ಅದು ಕಾಣುತ್ತಿರಲಿಲ್ಲ. ಬೋರ್ಡ್ ಬದಲಾದ ಮೇಲೆ ಹಳೆಯ ಮೆಮೊರಿಯೇ ಅಲ್ಲಿ ಕೆಲಸ ಮಾಡಿತು.

ಅದಲುಬದಲು ಮಾಡುವಾಗ ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ. ಮೆಮೊರಿ, ಫರ್ಮ್‌ವೇರ್, ಸ್ಲಾಟ್ ಮೂರನ್ನೂ ಒಟ್ಟಿಗೆ ಬದಲಿಸಿದರೆ ದೀಪ ಆರಿದರೂ ಯಾವುದರಿಂದ ಆರಿತು ಎಂದು ತಿಳಿಯದು.

ಮೆಮೊರಿ ದೋಷ ಅಪರೂಪ ಎಂದುಕೊಳ್ಳುವವರಿಗೆ ಒಂದು ಅಂಕಿ: ಗೂಗಲ್ ಮತ್ತು ಟೊರೊಂಟೊ ವಿಶ್ವವಿದ್ಯಾಲಯದ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವರ್ಷವೊಂದರಲ್ಲಿ ಶೇ 8ಕ್ಕಿಂತ ಹೆಚ್ಚು ಮೆಮೊರಿ ಮಾಡ್ಯೂಲುಗಳಲ್ಲಿ ತಿದ್ದಬಹುದಾದ ದೋಷ ಒಮ್ಮೆಯಾದರೂ ಕಂಡಿತ್ತು. ದೋಷ ತಿದ್ದುವ ಇಸಿಸಿ ಇರುವುದರಿಂದ ಅವು ಡೇಟಾ ಕೆಡಿಸಲಿಲ್ಲ, ಲಾಗಿನಲ್ಲಿ ದಾಖಲಾದವು. ಇಸಿಸಿ ಮಾಡುವ ಈ ಕೆಲಸ ನಮಗೆ ಕಾಣುವುದು ಲಾಗಿನಲ್ಲಿ ಮಾತ್ರ.

7. ಕೆಲವು ಎಣಿಕೆಗಳು ಎಂದೂ ಇಳಿಯುವುದಿಲ್ಲ

ಡಿಸ್ಕು ತನ್ನ ಆರೋಗ್ಯದ ಲೆಕ್ಕ ಇಡುವ ಸ್ಮಾರ್ಟ್ ಪಟ್ಟಿಯಲ್ಲಿ 199ನೆಯದು ಸಿಆರ್‌ಸಿ ದೋಷಗಳ ಎಣಿಕೆ. ಡಿಸ್ಕಿಗೂ ಕಂಟ್ರೋಲರಿಗೂ ನಡುವಿನ ಕೇಬಲ್ ಸರಿಯಿಲ್ಲದಿದ್ದಾಗ ಸಾಮಾನ್ಯವಾಗಿ ಇದು ಏರುತ್ತದೆ. ಕೇಬಲ್ ಬದಲಿಸಿದ ಮೇಲೂ ಸಂಖ್ಯೆ ಹಾಗೇ ಇರುತ್ತದೆ. ಗಾಯ ಮಾಯ್ದರೂ ಕಲೆ ಉಳಿದಂತೆ. ಅದನ್ನು ಕಂಡು ಡಿಸ್ಕನ್ನೇ ಬದಲಿಸಿದವರಿದ್ದಾರೆ, ಅದು ಬೇಕಿರಲಿಲ್ಲ. ಕೇಳಬೇಕಾದ ಪ್ರಶ್ನೆ ಸಂಖ್ಯೆ ಎಷ್ಟು ಎಂದಲ್ಲ, ರಿಪೇರಿಯ ನಂತರ ಏರುತ್ತಿದೆಯೇ ಎಂದು. ರಿಪೇರಿಯಾದ ದಿನ ಸಂಖ್ಯೆ ಬರೆದಿಟ್ಟು, ಮರುದಿನ, ವಾರದ ನಂತರ ಮತ್ತೆ ನೋಡಿ.

5ನೆಯ ಸಂಖ್ಯೆಯ ವಿಷಯ ಬೇರೆ. ಕೆಟ್ಟ ಸೆಕ್ಟರ್‌ಗಳನ್ನು ಬೇರೆಡೆಗೆ ಸರಿಸಿದ ಎಣಿಕೆ ಅದು. ಅಲ್ಲಿ ದೋಷ ಕೇಬಲ್ಲಿನದಲ್ಲ, ಡಿಸ್ಕಿನದೇ. 2007ರಲ್ಲಿ ಗೂಗಲ್ ತನ್ನ ಡಿಸ್ಕುಗಳ ಬಗ್ಗೆ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮೇಲ್ಮೈ ಪರೀಕ್ಷೆಯಲ್ಲಿ ಮೊದಲ ದೋಷ (ಸ್ಕ್ಯಾನ್ ದೋಷ) ಕಂಡ ಡಿಸ್ಕು ಮುಂದಿನ 60 ದಿನಗಳಲ್ಲಿ ಕೆಡುವ ಸಂಭವ, ಅಂಥ ದೋಷವಿಲ್ಲದ ಡಿಸ್ಕಿಗಿಂತ 39 ಪಟ್ಟು ಹೆಚ್ಚು. ಅದೇ ಅಧ್ಯಯನದಲ್ಲಿ, ಕೆಟ್ಟುಹೋದ ಡಿಸ್ಕುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಮುಖ್ಯವಾದ ನಾಲ್ಕು ಸ್ಮಾರ್ಟ್ ಸೂಚನೆಗಳಲ್ಲಿ ಒಂದನ್ನೂ ತೋರಿಸಿರಲಿಲ್ಲ. ಹಾಗಾಗಿ ಎಚ್ಚರಿಕೆ ಬಂದಾಗ ಅದನ್ನು ನಂಬಬೇಕು. ಬಾರದಿದ್ದಾಗ ಬ್ಯಾಕಪ್ಪನ್ನು ನಂಬಬೇಕು.

8. ಕೆಲವಕ್ಕೆ ಸಮಯ ಬೇಕು, ಕೆಲವಕ್ಕೆ ಒಂದು ರೀಬೂಟ್

ರೇಡ್ ಕಾರ್ಡಿನ ಬ್ಯಾಟರಿ ಹೊಸದಾಗಿ ಹಾಕಿದರೆ ಅದು ಚಾರ್ಜ್ ಆಗುವವರೆಗೆ ಕೆಲವು ಗಂಟೆ ಎಚ್ಚರಿಕೆ ಇರುವುದು ಸಹಜ. ಅಲ್ಲಿಯವರೆಗೆ ಬರೆಯುವ ವೇಗವೂ ಕಡಿಮೆ ಇರುತ್ತದೆ. ಡಿಸ್ಕ್ ಬದಲಿಸಿದಾಗ ರೀಬಿಲ್ಡ್ ಮುಗಿಯುವವರೆಗೆ ಕಾಯಲೇಬೇಕು. ಆದರೆ ರೀಬಿಲ್ಡ್ ಶುರುವಾಗಿದೆಯೇ ಎಂದು ಮೊದಲು ನೋಡಿ. ಬದಲಿಗೆ ಬಂದ ಡಿಸ್ಕು ಹಿಂದೆ ಬೇರೆ ರೇಡ್‌ನಲ್ಲಿ ಇದ್ದದ್ದಾದರೆ, ಕಂಟ್ರೋಲರ್ ಅದನ್ನು ‘ಫಾರಿನ್’ ಎಂದು ಗುರುತಿಸಿ ಸುಮ್ಮನೆ ಕೂರಿಸಿರಬಹುದು. ಎಷ್ಟು ಕಾದರೂ ರೀಬಿಲ್ಡ್ ಶುರುವಾಗದು. ಅಲ್ಲಿ ಇಂಪೋರ್ಟ್, ಕ್ಲಿಯರ್ ಎಂಬ ಎರಡು ಆಯ್ಕೆಗಳಿರುತ್ತವೆ. ಯಾವ ಡಿಸ್ಕಿನ ಮೇಲೆ ಒತ್ತುತ್ತಿದ್ದೇವೆ ಎಂದು ಸೀರಿಯಲ್ ನಂಬರ್ ಓದಿ ಖಚಿತ ಮಾಡಿಕೊಳ್ಳದೆ ಎರಡನ್ನೂ ಮುಟ್ಟಬೇಡಿ.

ಡಿಡಿಆರ್4 ಮೆಮೊರಿಯಲ್ಲಿ ಕೆಟ್ಟ ಸಾಲಿನ ಬದಲು ಮೀಸಲಿಟ್ಟ ಸಾಲನ್ನು ಬಳಸಿಕೊಳ್ಳುವ ವ್ಯವಸ್ಥೆ ಇದೆ. ಅನೇಕ ಸರ್ವರ್‌ಗಳಲ್ಲಿ ಅದು ನಡೆಯುವುದು ಬೂಟ್ ಆಗುವಾಗ. ವರ್ಷಗಟ್ಟಲೆ ರೀಬೂಟ್ ಮಾಡಿಲ್ಲ ಎಂದು ಹೆಮ್ಮೆ ಪಡುವ ಕಡೆ ಆ ರಿಪೇರಿಗೆ ಅವಕಾಶವೇ ಸಿಗುವುದಿಲ್ಲ. ಸಿಮೋಸ್ ಬ್ಯಾಟರಿಯ ವೋಲ್ಟೇಜನ್ನೂ ಕೆಲವು ಬೋರ್ಡುಗಳು ಬೂಟ್ ಸಮಯದಲ್ಲಷ್ಟೇ ಅಳೆಯುತ್ತವೆ.

9. ಪವರ್ ಸಪ್ಲೈ: ಎರಡು ಇದ್ದರೆ ಸಾಲದು, ಜೋಡಿಯಾಗಬೇಕು

ಎರಡೂ ಪವರ್ ಸಪ್ಲೈಗಳ ಹಿಂದೆ ಹಸಿರು ದೀಪ ಉರಿಯುತ್ತಿದೆ, ಆದರೂ ‘ರಿಡಂಡೆನ್ಸಿ ಇಲ್ಲ’ ಎಂಬ ಎಚ್ಚರಿಕೆ. ಹೊರಗೆಳೆದು ಲೇಬಲ್ ಓದಿದರೆ ಹಳೆಯದು 750 ವ್ಯಾಟ್, ಹೊಸದು 495. ಎರಡೂ ಒಳ್ಳೆಯವೇ, ಆದರೆ ಒಂದರ ಬದಲು ಇನ್ನೊಂದು ನಿಲ್ಲಲಾರದು. ಬಿಡಿಭಾಗ ಬಂದ ತಕ್ಷಣ ಪೆಟ್ಟಿಗೆಯ ಮೇಲಿನ ಪಾರ್ಟ್ ನಂಬರನ್ನು ಹಳೆಯದರ ಜತೆ ಹೋಲಿಸಿದರೆ ಇದು ಬಾಗಿಲಲ್ಲೇ ತಿಳಿಯುತ್ತದೆ.

10. ಬಿಎಂಸಿ ರಿಸೆಟ್, ಆಮೇಲೆ ಪೂರ್ತಿ ಪವರ್ ಕಡಿತ, ಕೊನೆಗೆ ಮಿತಿ ಬದಲಾವಣೆ

ಸೆನ್ಸರಿನ ಓದು ಸರಿಯಿದ್ದು ಒಟ್ಟು ಸ್ಥಿತಿ ಮಾತ್ರ ಕೆಟ್ಟದಾಗಿ ತೋರುತ್ತಿದ್ದರೆ ಬಿಎಂಸಿಯೇ ಸಿಕ್ಕಿಹಾಕಿಕೊಂಡಿರಬಹುದು. ಅದನ್ನು ಮಾತ್ರ ರಿಸೆಟ್ ಮಾಡಬಹುದು. ಸಾಮಾನ್ಯವಾಗಿ ಸರ್ವರ್‌ನ ಕೆಲಸ ನಿಲ್ಲುವುದಿಲ್ಲ, ಕೆಲವು ನಿಮಿಷ ಫ್ಯಾನ್ ಜೋರಾಗಿ ಕೂಗಬಹುದು, ಗಾಬರಿ ಬೇಡ. ಅದರಿಂದ ಆಗದಿದ್ದರೆ ರಜಾದಿನ ನೋಡಿ ಸರ್ವರ್ ಇಳಿಸಿ, ಎರಡೂ ಪವರ್ ಕೇಬಲ್ ಕಿತ್ತು, ಪವರ್ ಬಟನ್ನನ್ನು ಅರ್ಧ ನಿಮಿಷ ಒತ್ತಿ ಹಿಡಿದು ಉಳಿದ ಚಾರ್ಜ್ ಹೊರಹಾಕಿ. ಒಂದು ಕೇಬಲ್ ಉಳಿದರೂ ಬಿಎಂಸಿ ಎಚ್ಚರವಾಗಿಯೇ ಇರುತ್ತದೆ, ಕೆಲಸ ವ್ಯರ್ಥ. ಒಂದೇ ಸರ್ವರ್ ಇರುವ ಕಡೆ ಇದಕ್ಕೆ ಮೊದಲು ಬ್ಯಾಕಪ್ ಇದೆಯೇ ಎಂದಲ್ಲ, ಅದರಿಂದ ಒಂದು ಫೈಲನ್ನಾದರೂ ವಾಪಸ್ ತೆಗೆದು ನೋಡಿದ್ದೀರಾ ಎಂದು ಕೇಳಿಕೊಳ್ಳಿ. ಹಳೆಯ ಯಂತ್ರ ಆರಿಸಿದ ಮೇಲೆ ಮತ್ತೆ ಎದ್ದೇ ಏಳುತ್ತದೆ ಎಂಬ ಖಾತ್ರಿ ಇಲ್ಲ.

ಮದರ್‌ಬೋರ್ಡ್ ಬದಲಾಗಿದ್ದರೆ ಹಳೆಯ ಸೀರಿಯಲ್ ನಂಬರ್ ಹೊಸ ಬೋರ್ಡಿಗೆ ಬರೆದಿದ್ದಾರೆಯೇ ನೋಡಿ. ಬರೆಯದಿದ್ದರೆ ಮುಂದಿನ ವಾರಂಟಿ ಕಾಲ್‌ನಲ್ಲಿ ನಿಮ್ಮ ಯಂತ್ರ ಅವರ ಪಟ್ಟಿಯಲ್ಲೇ ಸಿಗದೆ ಹೋಗಬಹುದು.

ಸೆನ್ಸರುಗಳ ಎಚ್ಚರಿಕೆಯ ಮಿತಿಗಳನ್ನು ಬದಲಿಸುವುದು ಕಡೆಯ ದಾರಿ. ಸೂಪರ್‌ಮೈಕ್ರೊ ಬೋರ್ಡಿಗೆ ನಿಧಾನವಾಗಿ ತಿರುಗುವ ಸದ್ದಿಲ್ಲದ ಫ್ಯಾನ್ ಹಾಕಿದರೆ, ವೇಗ ಕೆಳಮಿತಿಗಿಂತ ಇಳಿದು ಎಚ್ಚರಿಕೆ ಬರುತ್ತಲೇ ಇರುತ್ತದೆ. ಅಲ್ಲಿ ಮಿತಿ ಇಳಿಸುವುದು ನ್ಯಾಯ. ಕಾರಣ ತಿಳಿಯದೆ ಎಚ್ಚರಿಕೆ ಬಾಯಿ ಮುಚ್ಚಿಸಲು ಮಿತಿ ಇಳಿಸುವುದನ್ನು ನಾನು ಒಪ್ಪುವುದಿಲ್ಲ.

11. ಸಹಿ ಹಾಕುವ ಮೊದಲು

ವೆಂಡರ್ ಇಂಜಿನಿಯರ್‌ಗಳ ಮೇಲೆ ಒತ್ತಡ ಬಹಳ. ದಿನಕ್ಕೆ ಹಲವು ಕಾಲ್‌ಗಳು, ಬೈಕಿನಲ್ಲಿ ಓಡಾಟ, ಪ್ರತಿ ಕಾಲ್ ಮುಚ್ಚಲು ಗಡುವು. ಅವರೊಡನೆ ಜಗಳ ಬೇಡ. ಕಾಫಿ ಕೊಟ್ಟು ಕೂರಿಸಿ, ಅವರು ಅಲ್ಲಿರುವಾಗಲೇ ನಾಲ್ಕು ಕೆಲಸ ಒಟ್ಟಿಗೆ ಮಾಡಿ: ಹಳೆಯ ಲಾಗ್ ಉಳಿಸಿ, ಅಳಿಸಿ, ಯಂತ್ರವನ್ನು ಒಮ್ಮೆ ಪೂರ್ತಿ ಬೂಟ್ ಮಾಡಿ, ಹೊಸ ಲಾಗಿನಲ್ಲಿ ಏನು ಬಂತು ಎಂದು ಇಬ್ಬರೂ ಓದಿ. ಹೋದ ಭಾಗ, ಬಂದ ಭಾಗ ಎರಡರ ಸೀರಿಯಲ್ ನಂಬರನ್ನೂ ಕಾಲ್ ರಿಪೋರ್ಟಿನಲ್ಲಿ ಬರೆಸಿ. ದೀಪ ಕಿತ್ತಳೆಯಾಗಿಯೇ ಉಳಿದಿದ್ದರೆ ‘ಭಾಗ ಬದಲಿಸಲಾಗಿದೆ, ಎಚ್ಚರಿಕೆ ಮುಂದುವರಿದಿದೆ’ ಎಂದು ಕನ್ನಡದಲ್ಲಾಗಲಿ ಇಂಗ್ಲಿಷಿನಲ್ಲಾಗಲಿ ಒಂದು ಸಾಲು ಬರೆದು, ಅದರ ಕೆಳಗೆ ಸಹಿ ಹಾಕಿ. ಆ ಸಾಲು ಇದ್ದರೆ ಕಾಲ್ ಮುಚ್ಚಿಲ್ಲ ಎಂದು ನೀವು ವಾದಿಸಬಹುದು.